ಹಣೆಯ ಮೇಲಿನ ಡಾಲರ್

ಆ ಸಂಜೆ ಭೋಜರಾಜ ಎಂದಿನ ಹಾಗೆಯೇ ಬಂದ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟ. ಊಟದ ಡಬ್ಬಿಯನ್ನು ತೊಳೆಯುವ ಪಾತ್ರೆಗಳ ಜೊತೆ ಇಟ್ಟ. ಕೈಕಾಲಿಗೆ ನೀರು ಹಾಕಿಕೊಂಡು ಗೋಡೆಗೆ ಒರಗಿ ಕೂತ. ಮಣ್ಣೂರ್‌ಪೇಟೆಯ ಆ ಮನೆಯಲ್ಲಿ ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ಅವನು ಕಾಲು ಚಾಚಿದರೆ ಬೇರೆಯವರು ಸುತ್ತಿಕೊಂಡೇ ಹೋಗಬೇಕು. ಪುಟ್ಟತಾಯಮ್ಮ ಸುತ್ತಿಕೊಂಡು ಹೋಗಿ ಗಂಡನಿಗೆ ಕಾಫಿ ಕೊಟ್ಟಳು.

“ಹುಣಸೆಹಣ್ಣು ಅದಾ?” ಎಂದು ಕೇಳಿದ.

“ಹುಣಸೆಹಣ್ಣಿಲ್ದೆ ಸಾರು ಹೆಂಗ್ ಮಾಡ್ತೀನಿ ಅಂದ್ಕಂಡಿದ್ದೀರಿ ಇಷ್ಟು ವರ್ಸ?”

“ಸಾರಿಗಲ್ಲ ಕನೆ. ಇವಳ ಮುಖ ತೊಳ್ಯಕ್ಕೆ.”

ಅಂಗಿ ಜೇಬಿನಿಂದ ಒಂದು ಕಾಸು ತೆಗೆದು ಅವಳ ಅಂಗೈ ಮೇಲೆ ಇಟ್ಟ. ನಮ್ಮ ಹಳದಿ ಐದು ರೂಪಾಯಿಗಿಂತ ಸ್ವಲ್ಪ ದೊಡ್ಡದು. ಬಂಗಾರದ ಬಣ್ಣ ಇದ್ದದ್ದು ಕಂದಿ ಹಳೇ ಹಿತ್ತಾಳೆ ಚಿಲಕದ ಹಾಗೆ ಆಗಿತ್ತು. ಒಂದು ಕಡೆ ಒಬ್ಬ ಹೆಂಗಸು. ಹೆಗಲ ಮೇಲಿಂದ ತಿರುಗಿ ನೋಡುತ್ತಿದ್ದಾಳೆ. ಬೆನ್ನಿಗೆ ಕಟ್ಟಿಕೊಂಡ ಕೂಸು ನಿದ್ದೆ ಮಾಡುತ್ತಿದೆ. ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹದ್ದು. ಅಂಚು ನುಣುಪು. ಸವೆದು ಸವೆದು ಆ ಹೆಂಗಸಿನ ಮೂಗು ಎಲ್ಲಿ ಮುಗಿಯುತ್ತದೆ, ಕೆನ್ನೆ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ.

“ಡಾಲರ್ ಅಲ್ವಾ? ಮನೇಗ್ಯಾಕ್ ತಂದ್ರಿ? ಶೆಡ್ಡಲ್ಲೇ ಇರ್ಬೇಕಲ್ವಾ ಇದು?”

“ನಾಳೆ ಬೆಳಿಗ್ಗೆ ತಗಂಡೋಯ್ತೀನಲ್ಲ. ಮಿಕ್ಕಿದ ಕಾಸೆಲ್ಲ ಒಳಕ್ಕೆ ಓಯ್ತವೆ, ಇವಳೊಬ್ಳು ವಾಪಸ್ ಬೀಳ್ತಾಳೆ. ಮೈಮೇಲೆ ಏನೋ ಅಂಟು ಕೂತದೆ. ಅಲ್ಲಿರೋದು ತಿನ್ನರ್ ಒಂದೇ. ಅದ್ರಲ್ಲಿ ಅದ್ದಿದ್ರೆ ಕೃಷ್ಣಮೂರ್ತಿ ಸಾರು ನನ್ನ ತೊಗಲು ಸುಲೀತಾರೆ.”

ಭೋಜರಾಜನ ಕೆಲಸವೇ ಅದು. ಕಾಸು ಹಾಕುವುದು. ಅಂಬತ್ತೂರು ಎಸ್ಟೇಟಿನ ಒಂದು ಸಣ್ಣ ಶೆಡ್ಡಿನಲ್ಲಿ ಬಟ್ಟೆ ಒಗೆಯುವ ಮೆಷಿನ್ನಿಗೆ ಕೂರಿಸುವ ಕಾಸಿನ ಪೆಟ್ಟಿಗೆ ಮಾಡುತ್ತಾರೆ. ಅಮೆರಿಕದಲ್ಲಿ ದೊಡ್ಡ ಕಟ್ಟಡಗಳಲ್ಲಿ ಎಲ್ಲ ಮನೆಗೂ ಸೇರಿ ಒಂದೇ ಕಡೆ ಮೆಷಿನ್ ಇಟ್ಟಿರುತ್ತಾರಂತೆ. ಪೆಟ್ಟಿಗೆಯ ಸಂದಿಗೆ ಕಾಸು ಹಾಕಿದರೆ ಮೆಷಿನ್ ತಿರುಗುತ್ತದೆ. ಪೆಟ್ಟಿಗೆ ಇಲ್ಲಿಂದ ಹೋಗುವ ಮುಂಚೆ ಯಾರಾದರೂ ಅದಕ್ಕೆ ಕಾಸು ಹಾಕಿ ನೋಡಬೇಕು. ನಿಜವಾದ ಕಾಸು ಒಳಗೆ ಹೋಗಬೇಕು, ಸುಳ್ಳು ಕಾಸು ತಟ್ಟೆಗೆ ವಾಪಸ್ ಬೀಳಬೇಕು. ಮೊದಲು ಅವನು ಲೇತ್ ಕೆಲಸದಲ್ಲಿದ್ದ. ಬೆರಳು ಜಜ್ಜಿಹೋದ ಮೇಲೆ ಈ ಕೆಲಸ ಕೊಟ್ಟರು. ಬೆಳಿಗ್ಗೆಯಿಂದ ಸಂಜೆವರೆಗೆ ಡಾಲರ್ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಟೀ ಅಂಗಡಿಯವರು ಅವನನ್ನು ಡಾಲರ್ ಎಂದೇ ಕರೆಯುತ್ತಿದ್ದರು.

ಅವಳು ಹುಣಸೆಹಣ್ಣು ಕಿವುಚಿ ಕಾಸಿಗೆ ಹಚ್ಚಿದಳು.

“ಯಾರು ಈಯಮ್ಮ?”

“ಯಾರೋ ಹಳೇ ಕಾಲದವಳಂತೆ. ಕೂಸು ಬೆನ್ನಿಗೆ ಕಟ್ಕಂಡು ಗಂಡಸ್ರ ಗುಂಪಿಗೆ ದಾರಿ ತೋರಿಸ್ಕಂಡು ನಡೆದ್ಳಂತೆ. ಕಾಡು, ಬೆಟ್ಟ, ಹೊಳೆ.”

“ಗಂಡ ಎಲ್ಲಿದ್ನಂತೆ?”

“ಅವನೂ ಜೊತೇಲೇ ಇದ್ನಂತೆ.”

“ಕೈ ಬೀಸ್ಕಂಡು.”

ಭೋಜರಾಜ ನಕ್ಕ. “ಹಳೇ ಡಾಲರ್ ಒಂದದೆ, ಬೆಳ್ಳಿ ಬಣ್ಣ. ಅದೂ ಇದೂ ಒಂದೇ ಅಳತೆ, ಒಂದೇ ತೂಕ. ಹಂಗೆ ಮಾಡದಿದ್ರೆ ಹಳೇ ಮೆಷಿನ್ನು ಹೊಸ ಕಾಸನ್ನ ಒಳಕ್ಕೇ ಬಿಟ್ಕಳಲ್ಲ. ಮೆಷಿನ್ನಿಗೆ ಬಣ್ಣ ಕಾಣಲ್ಲ ನೋಡು. ಆದ್ರೆ ಅಲ್ಲಿ ಜನ ಇದನ್ನ ಕೈಲಿ ಇಟ್ಕಳಲ್ವಂತೆ. ಕಾಗದದ ಡಾಲರೇ ಬೇಕಂತೆ.”

“ಇಲ್ಲಿ ಹತ್ತು ರೂಪಾಯಿ ಕಾಯಿನ್ ಕೊಟ್ರೆ ‘ಸೆಲ್ಲಾದು, ನಡೆಯಲ್ಲ’ ಅಂತ ವಾಪಸ್ ಎಸೀತಾರಲ್ಲ, ಹಂಗೆ.”

ಮಗಳು ತೃಪ್ತಿ ಆಗ ತಾನೇ ಕೆಲಸದಿಂದ ಬಂದಳು. ಅವಳು ಅಣ್ಣಾನಗರದ ಒಂದು ಔಷಧಿ ಅಂಗಡಿಯಲ್ಲಿ ಬಿಲ್ ಹಾಕುತ್ತಾಳೆ. ಅಪ್ಪ ಅಮ್ಮ ಕೊಳ್ಳೇಗಾಲದ ಕಡೆಯ ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ತೊಳೆದ ಕಾಸು ಫಳಫಳ ಅನ್ನುತ್ತಿದ್ದದ್ದನ್ನು ನೋಡಿ, “ಎನ್ನಪ್ಪಾ, ತಿರುಡಿಟ್ಟಿಯಾ? ಕದ್ಕೊಂಡ್ ಬಂದ್ಯಾ?” ಎಂದು ನಗಾಡಿದಳು. ಅವನೂ ನಗುತ್ತಾ ಕಾಸನ್ನು ಒರೆಸಿ ಜೇಬಿಗೆ ಹಾಕಿಕೊಂಡ. ಅಂಗಿಯನ್ನು ಗೂಟಕ್ಕೆ ನೇತುಹಾಕಿದ. ಊಟ ಮಾಡಿದರು. ಮಲಗಿದರು. ಅಷ್ಟೇ ಆ ದಿನ.

ಮಾರನೇ ದಿನ ಬೆಳಿಗ್ಗೆ ಸ್ನಾನಕ್ಕೆ ಹೋದವನು ಹೊರಗೆ ಬರಲಿಲ್ಲ. ಒಳಗೆ ಮಗ್ಗು ಬಿದ್ದ ಸದ್ದು ಕೇಳಿತು. ಪುಟ್ಟತಾಯಮ್ಮ ಒಲೆ ಮುಂದೆ ಇದ್ದಳು. “ಏನ್ ಬೀಳಿಸಿದ್ರಿ?” ಎಂದು ಕೂಗಿದಳು. ಉತ್ತರ ಬರಲಿಲ್ಲ. ಆಸ್ಪತ್ರೆಗೆ ಒಯ್ದರು. ಅಲ್ಲಿ ನೋಡಿ, ಎದೆ ನಿಂತು ಆಗಲೇ ಹೊತ್ತಾಗಿದೆ ಎಂದು ವಾಪಸ್ ಕಳಿಸಿದರು.

ಮಧ್ಯಾಹ್ನದ ಹೊತ್ತಿಗೆ ಮನೆ ಮುಂದೆ ಶಾಮಿಯಾನ ಬಂತು, ಪ್ಲಾಸ್ಟಿಕ್ ಕುರ್ಚಿ ಬಂತು, ಐಸ್ ಪೆಟ್ಟಿಗೆ ಬಂತು. ಯಾರು ತರಿಸಿದರು ಎಂದು ಅವಳಿಗೆ ಗೊತ್ತಿಲ್ಲ. ಪಕ್ಕದ ಮನೆಯ ಊರ್ಮಿಳಾ ಎಲ್ಲದಕ್ಕೂ ಓಡಾಡಿದಳು. ಊರ್ಮಿಳಾಳ ಗಂಡ ರೈಲ್ವೆಯಲ್ಲಿದ್ದಾನೆ. ಆ ಬೀದಿಯಲ್ಲಿ ಕನ್ನಡ ಮಾತಾಡುವ ಇನ್ನೊಂದು ಮನೆ ಅಂದರೆ ಅದೊಂದೇ. ಸ್ನಾನ ಮಾಡಿಸಿ ವಿಭೂತಿ ಇಟ್ಟರು. ಆಮೇಲೆ ಊರ್ಮಿಳಾ ಗಂಧದ ಬಟ್ಟಲು ಹಿಡಿದುಕೊಂಡು, “ಹಣೆಗೆ ಒಂದು ರೂಪಾಯಿ ಕಾಸು ಕೊಡಿ ಯಾರಾದ್ರೂ” ಎಂದಳು.

ಯಾರ ಹತ್ತಿರವೂ ಇರಲಿಲ್ಲ.

ಗಂಡಸರು ಜೇಬು ತಡಕಿದರು. ಫೋನು, ಬೀಗದ ಕೈ, ಒಂದೆರಡು ನೋಟು. ಹೆಂಗಸರು ಪರ್ಸು ಬಿಚ್ಚಿ ನೋಡಿದರು. ಎಲ್ಲರೂ ಫೋನಿನಲ್ಲೇ ಕಾಸು ಕೊಡುವವರು. ಹೂವಿಗೂ ಫೋನು, ಸೊಪ್ಪಿಗೂ ಫೋನು. ಅಷ್ಟು ಜನ ಸೇರಿದ್ದ ಮನೆಯಲ್ಲಿ ಸತ್ತವನ ಹಣೆಗೆ ಅಂಟಿಸಲು ಒಂದು ಕಾಸು ಹುಟ್ಟಲಿಲ್ಲ. ಹೊರಗೆ ತಮಟೆಯವರು ಅವಸರ ಮಾಡುತ್ತಿದ್ದರು. ಊರ್ಮಿಳಾ ಸುತ್ತ ನೋಡಿ ಗೂಟದಲ್ಲಿದ್ದ ಅಂಗಿಯ ಜೇಬಿಗೆ ಕೈ ಹಾಕಿದಳು.

“ಸಿಕ್ತು. ಐದು ರೂಪಾಯಿದು ಅದೆ. ಇರ್ಲಿ ಬಿಡಿ, ಹೋಗೋರಿಗೆ ಒಂದಾದ್ರೇನು, ಐದಾದ್ರೇನು.”

ಗಂಧ ಮೆತ್ತಿ ಹಣೆಯ ನಡುವೆ ಒತ್ತಿದಳು. ಪುಟ್ಟತಾಯಮ್ಮ ತಲೆಯ ಹತ್ತಿರ ಕೂತಿದ್ದಳು. ಕಾಸಿನ ಮೇಲೆ ಕೂಸು ಹೊತ್ತ ಹೆಂಗಸು ಇದ್ದದ್ದನ್ನು ಕಣ್ಣಾರೆ ಕಂಡಳು. ಹುಣಸೆಹಣ್ಣಿನಲ್ಲಿ ತಾನೇ ಉಜ್ಜಿದ್ದು. ಅದು ಅಲ್ಲ, ಅದು ಬೇರೆಯವರದ್ದು, ತೆಗೆಯಿರಿ ಎನ್ನಬೇಕು. ಬಾಯಿ ಏಳಲಿಲ್ಲ. ಆಗಲೇ ಅವನನ್ನು ಎತ್ತಿಬಿಟ್ಟಿದ್ದರು.

ಕಾರ್ಯ ಮುಗಿದ ಮೇಲೆ ಶೆಡ್ಡಿನ ಸೂಪರ್‌ವೈಸರ್ ಕೃಷ್ಣಮೂರ್ತಿ ಬಂದರು. ಅವರ ಮನೆಯವರು ಅಜ್ಜನ ಕಾಲದಿಂದ ಇಲ್ಲೇ ಇರುವವರು. ಮನೆಮಾತು ಕನ್ನಡವಾದರೂ ತಮಿಳಿನ ಹಾಗೆ ಕೇಳುತ್ತದೆ. ಬಾಳೆಹಣ್ಣಿನ ಚೀಲ ಕೆಳಗಿಟ್ಟು ಕುರ್ಚಿಯ ಅಂಚಿನಲ್ಲಿ ಕೂತರು. ತುಂಬ ಹೊತ್ತು ಭೋಜರಾಜನ ಫೋಟೋ ನೋಡಿದರು. ಬಂದ ವಿಷಯ ಬೇರೆ ಎಂದು ಅವಳಿಗೆ ತಿಳಿಯಿತು.

“ಅಮ್ಮಾ, ತಪ್ಪಾಗಿ ನೆನಸ್ಕೋಬೇಡಿ. ಭೋಜರಾಜ್ ಹತ್ರ ಒಂದು ಕಾಯಿನ್ ಏನಾದ್ರೂ ಇತ್ತಾ? ಡಾಲರು?”

“ಇತ್ತು.”

ಅವರು ಉಸಿರು ಬಿಟ್ಟರು. “ಕೊಟ್ಟುಬಿಡಿ ಅಮ್ಮಾ. ಒಂದು ಡಾಲರ್ ದೊಡ್ಡದಲ್ಲ. ಇನ್ನೊಂದು ತರಿಸ್ಬಹುದು. ಆದ್ರೆ ಅದು ಗಿರಾಕಿ ಕಡೆಯವರು ಗುರುತು ಹಾಕಿ ಕಳಿಸಿರೋದು. ಇಷ್ಟು ಸವೆದ ಕಾಯಿನ್ ಪೆಟ್ಟಿಗೆ ಒಳಗೆ ಹೋದ್ರೆ ಯಾವ ಕಾಯಿನ್ ಬೇಕಾದ್ರೂ ಹೋಗುತ್ತೆ ಅಂತ. ಅದನ್ನ ಹಾಕಿ ನೋಡ್ದೆ ಒಂದು ಪೆಟ್ಟಿಗೆನೂ ಲಾರಿಗೆ ಏರೋ ಹಾಗಿಲ್ಲ.”

“ಶೆಡ್ಡಲ್ಲಿ ಏನಂತಾರೆ?”

“ಏನಂತಾರೆ… ಕೆಲಸ ನಿಂತಿದೆ ಅಂತಾರೆ.”

“ಅವರನ್ನ ಏನಂತಾರೆ ಅಂತ ಕೇಳ್ದೆ.”

ಕೃಷ್ಣಮೂರ್ತಿ ನೆಲ ನೋಡಿದರು. “ಆ ಬಾಯಿಗಳ ವಿಷಯ ಬಿಡಿ ಅಮ್ಮಾ. ಡಾಲರ್ ಎತ್ಕೊಂಡು ಹೋದ ಅಂತಾರೆ. ಇದೊಂದೇನಾ, ಮೊದಲೂ ಎತ್ತಿದ್ನಾ ಅಂತ ಕೇಳ್ತಾರೆ. ನಾನು ನಂಬ್ತೀನಾ?”

ಅವರು ನಂಬುತ್ತಾರೋ ಇಲ್ಲವೋ ಮುಖ ನೋಡಿದರೆ ತಿಳಿಯಲಿಲ್ಲ. ಪುಟ್ಟತಾಯಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತೊಳೆಯಲು ತಂದಿದ್ದರು. ಬೆಳಿಗ್ಗೆ ವಾಪಸ್ ಒಯ್ಯುವವರಿದ್ದರು. ಬೆಳಿಗ್ಗೆ ಹೀಗಾಯಿತು. ಹಣೆಗೆ ಅಂಟಿಸಿ ಕಳಿಸಿದೆವು.

“ಹಣೆಗಾ?” ಕೃಷ್ಣಮೂರ್ತಿ ಎದ್ದು ನಿಂತರು. ಮತ್ತೆ ಕೂತರು. ಕೊಟ್ಟ ಕಾಫಿ ಕುಡಿಯದೆ ಹೊರಟುಹೋದರು.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಊರ್ಮಿಳಾ ಬಾಯಿಗೆ ಸೆರಗು ಹಿಡಿದಳು. “ಅಯ್ಯೋ ನನ್ನ ಕೈ ಸೇದಿಹೋಗ! ಕಂಪನಿ ಕಾಸಾ ಅದು? ತನ್ನದಲ್ಲದ ಕಾಸು ಹಣೆಗಿಟ್ಕಂಡು ಹೋದ್ರೆ ಅಲ್ಲಿ…” ಎಂದು ಅರ್ಧಕ್ಕೆ ನಿಲ್ಲಿಸಿದಳು.

“ಅಲ್ಲಿ ಏನು? ಹೇಳು.”

“ನಂಗೇನ್ ಗೊತ್ತು ಅಕ್ಕಾ? ಯಾರು ಹೋಗಿ ನೋಡ್ಕಂಡು ಬಂದವ್ರೆ?”

ಅಲ್ಲಿನ ಮಾತು ಪುಟ್ಟತಾಯಮ್ಮನಿಗೂ ಗೊತ್ತಿಲ್ಲ. ಇಲ್ಲಿಯದು ಗೊತ್ತಿತ್ತು. ಅವನು ಬದುಕಿದ್ದಾಗ ಹೆಚ್ಚೇನೂ ಗಳಿಸಲಿಲ್ಲ. ಸ್ವಂತ ಮನೆ ಇಲ್ಲ, ಊರಲ್ಲಿ ಜಮೀನಿಲ್ಲ. ಭೋಜರಾಜನಾ, ಒಳ್ಳೆಯವನು ಅನ್ನುತ್ತಿದ್ದರು, ಅಷ್ಟೇ. ಈಗ ಅದೂ ಹೋಗುತ್ತಿತ್ತು. ಅವಳಿಗೆ ಬೇಕಾದದ್ದು ಒಂದೇ. ಅವನನ್ನು ಕಳ್ಳ ಎನ್ನಬಾರದು. ಅದಕ್ಕೆ ಆ ಕಾಸು ವಾಪಸ್ ಹೋಗಬೇಕು. ಸುಡುವ ಮುಂಚೆ ಹಣೆ ಕಾಸನ್ನು ಸುಡುಗಾಡಿನವನು ತೆಗೆದಿಟ್ಟುಕೊಳ್ಳುತ್ತಾನೆ ಎಂದು ಕೇಳಿದ್ದಳು.

“ಸುಡುಗಾಡಿಗೆ ಓಯ್ತೀನಿ” ಎಂದಳು.

“ಅಮ್ಮಾ, ವೇಣ್ಡಾಮ್ಮಾ” ಎಂದಳು ತೃಪ್ತಿ. ಬೇಡ ಎಂದು ಕೈ ಹಿಡಿದಳು.

“ಹೆಂಗಸ್ರು ಅಲ್ಲಿಗೆ ಹೋಯ್ತಾರಾ ಅಕ್ಕಾ?” ಎಂದಳು ಊರ್ಮಿಳಾ.

“ಗಂಡಸ್ರನ್ನ ಕಳಿಸಕ್ಕೆ ನನ್ನ ಮನೇಲಿ ಯಾರವ್ರೆ?”

ತೃಪ್ತಿ ಚಪ್ಪಲಿ ಹಾಕಿಕೊಂಡಳು. ಶೇರ್ ಆಟೋದಲ್ಲಿ ಹೋದರು. ಇಳಿಯುವಾಗ ಪುಟ್ಟತಾಯಮ್ಮ ನೋಟು ಕೊಟ್ಟು, ಚಿಲ್ಲರೆಯಲ್ಲಿ ಒಂದು ರೂಪಾಯಿ ಕಾಸು ಇರಲೇಬೇಕು ಎಂದಳು. “ಒಂದು ರೂಪಾಯಿಗೆ ಈ ಕಾಲದಲ್ಲಿ ಏನಮ್ಮಾ ಬರುತ್ತೆ?” ಎಂದು ಡ್ರೈವರ್ ತಮಿಳಿನಲ್ಲಿ ಗೊಣಗುತ್ತಾ ಸೀಟಿನ ಕೆಳಗಿನ ಡಬ್ಬಿ ಕೆದಕಿ ಹುಡುಕಿಕೊಟ್ಟ.

ಸುಡುಗಾಡಿನ ಕೆಲಸ ನೋಡಿಕೊಳ್ಳುವವನ ಹೆಸರು ಏಳುಮಲೈ. ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕೂತು ಬೋಂಡಾ ತಿನ್ನುತ್ತಿದ್ದ. ಇಬ್ಬರು ಹೆಂಗಸರು ಒಳಗೆ ಬರುವುದನ್ನು ನೋಡಿ ಕೈ ಒರೆಸಿಕೊಂಡು ಎದ್ದ.

“ಇನ್ನಾಮ್ಮಾ, ಏನ್ ಬೇಕು? ಬೂದಿ ಕೊಟ್ಟಾಯ್ತಲ್ಲ.”

ಅವಳಿಗೆ ತಮಿಳು ಚೆನ್ನಾಗಿಯೇ ಬರುತ್ತದೆ. ಆದರೂ ಆ ಮಾತು ಯಾವ ಭಾಷೆಯಲ್ಲೂ ಸುಲಭವಾಗಿ ಬರಲಿಲ್ಲ. “ನನ್ನ ಮನೆಯವರ ಹಣೆ ಮೇಲೆ ಒಂದು ಕಾಸು ಇತ್ತು. ಅದು ಬೇಕು.”

ಏಳುಮಲೈ ಅವಳನ್ನೇ ನೋಡಿದ. “ಉಂಗುರ ಬೇಕು ಅಂತ ಬರ್ತಾರೆ. ಬಂಗಾರದ ಹಲ್ಲು ಎಲ್ಲಿ ಅಂತ ಬರ್ತಾರೆ. ಹಣೆ ಕಾಸು ಕೇಳ್ಕೊಂಡು ಬಂದಿದ್ದು ನೀನೇ ಮೊದಲು.” ಆಮೇಲೆ ಮೆಲ್ಲಗೆ, “ಆ ಮಂಜ ಕಾಸಾ? ಹಳದೀದು?” ಎಂದ.

“ಹೂಂ.”

“ನೆನಪಿದೆ. ಟೀ ಅಂಗಡೀಲಿ ಕೊಟ್ಟೆ. ಅವನು ತಿರುಗಿಸಿ ತಿರುಗಿಸಿ ನೋಡಿ, ಯಾವ ಸಾಮಿ ಡಾಲರ್ರಯ್ಯಾ ಇದು, ಹೋಗಿ ಸರಕ್ಕೆ ಪೋಣಿಸಿ ಕೊರಳಿಗೆ ಹಾಕ್ಕೋ ಅಂತ ನನ್ನ ಮೇಲೆ ಎಸೆದ. ಏನಮ್ಮಾ ಅದು?”

“ಅವರು ಕೆಲಸ ಮಾಡೋ ಕಡೇದು. ವಾಪಸ್ ಕೊಡದೆ ಇದ್ರೆ ಅವರನ್ನ ಕಳ್ಳ ಅಂತಾರೆ.”

ಏಳುಮಲೈ ಒಳಗೆ ಹೋದ. ಹಳೇ ಹಾಲಿನ ಪುಡಿ ಡಬ್ಬಿ ತಂದು ಕಲ್ಲಿನ ಮೇಲೆ ಬೋರಲು ಹಾಕಿದ. ಒಂದು ರೂಪಾಯಿಗಳು ಉರುಳಿದವು. ಗಂಧ ಒಣಗಿದ್ದು ಕೆಲವು, ಕುಂಕುಮ ಮೆತ್ತಿದ್ದು ಕೆಲವು. ಅಷ್ಟು ಹಣೆಗಳು. ತೃಪ್ತಿ ಮುಖ ಆ ಕಡೆ ತಿರುಗಿಸಿದಳು. ಬಿಳಿ ಕಾಸುಗಳ ನಡುವೆ ಹಳದಿಯದು ಒಂದೇ ಇತ್ತು.

“ನಾನು ನಿನ್ನ ಕೈಗೆ ಎತ್ತಿ ಕೊಡಲ್ಲ. ಹೋಗೋರ ಕಾಸನ್ನ ಇರೋರ ಕೈಗೆ ಕೊಡಬಾರದು ಅಂತ ನಮ್ಮಪ್ಪ ಹೇಳಿದ್ದ. ಬೇಕಾದ್ರೆ ನೀನೇ ಎತ್ಕೋ. ಮನೆ ಒಳಗೆ ಇಡಬೇಡ.”

ಪುಟ್ಟತಾಯಮ್ಮ ಸೆರಗಿನ ಗಂಟು ಬಿಚ್ಚಿ ಆಟೋದವನು ಕೊಟ್ಟ ಒಂದು ರೂಪಾಯಿಯನ್ನು ಕಲ್ಲಿನ ಮೇಲೆ ಇಟ್ಟಳು. “ಇದು ಅವರದ್ದು. ನಮ್ಮ ದುಡ್ಡಿಂದು” ಎಂದಳು. ಆಮೇಲೆ ಹಳದಿಯದನ್ನು ಎತ್ತಿಕೊಂಡಳು. ಹೆಂಗಸಿನ ಮುಖಕ್ಕೆ ಗಂಧ ಅಂಟಿಕೊಂಡಿತ್ತು. ಮಗುವಿನ ತಲೆ ಮಾತ್ರ ಕಾಣುತ್ತಿತ್ತು. ಗೇಟಿನ ನಲ್ಲಿಯಲ್ಲಿ ತೊಳೆದಳು. ಉಗುರಿನಿಂದ ಕೆರೆಯಬೇಕಾಯಿತು. ಅವನ ಮೈಯಿಂದ ಉಳಿದದ್ದು ಆ ಗಂಧ ಒಂದೇ. ನೀರಿನಲ್ಲಿ ಹೋಯಿತು.

ಮನೆಗೆ ಹೋಗದೆ ನೇರ ಶೆಡ್ಡಿಗೆ ಹೋದರು. ಒಳಗೆ ಪೆಟ್ಟಿಗೆಗಳು ಸಾಲಾಗಿ ಒಂದರ ಮೇಲೊಂದು ಸುಮ್ಮನೆ ನಿಂತಿದ್ದವು. ಕೆಲಸದವರು ಅವಳನ್ನು ನೋಡಿ ಎದ್ದರು. ಅವನು ಕೂರುತ್ತಿದ್ದ ಸ್ಟೂಲಿನ ಮೇಲೆ ಯಾರೋ ಹೆಲ್ಮೆಟ್ ಇಟ್ಟಿದ್ದರು. ಅದನ್ನು ಸರಕ್ಕನೆ ತೆಗೆದರು. ಕೃಷ್ಣಮೂರ್ತಿ ಗಾಜಿನ ಕೋಣೆಯಿಂದ ಬಂದರು. ಅವಳು ಅಂಗೈ ಬಿಚ್ಚಿ ತೋರಿಸಿದಳು.

“ಇದೇನಾ?”

ಅವರು ಬಗ್ಗಿ ನೋಡಿದರು. “ಇದೇ ಅಮ್ಮಾ. ಇಲ್ಲಿ ಗೀರು ಇದೆ ನೋಡಿ. ಇದೇ.” ಕೈ ಚಾಚಿದರು. ಕಾಸಿನ ಹತ್ತಿರ ಬಂದ ಕೈ ಅಲ್ಲೇ ನಿಂತಿತು. ಹಿಂದಕ್ಕೆ ಹೋಯಿತು.

“ತಪ್ಪಾಗಿ ನೆನಸ್ಕೋಬೇಡಿ. ಮನೇಲಿ ಮಗಳ ಮದುವೆ ಇಟ್ಕೊಂಡಿದೀನಿ.” ಪಕ್ಕದವನಿಗೆ ಹೇಳಿದರು, ತಗೋ ಎಂದು. ಅವನು ಎರಡು ಹೆಜ್ಜೆ ಹಿಂದೆ ಸರಿದ. “ಅಣ್ಣನ ಹಣೆ ಕಾಸು ಸಾರ್. ಕೆಲಸದಿಂದ ತೆಗೆದ್ರೂ ಪರವಾಗಿಲ್ಲ, ನಾನು ಮುಟ್ಟಲ್ಲ” ಎಂದ ತಮಿಳಿನಲ್ಲಿ. ಇನ್ನೊಬ್ಬ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಬೇಕೇ ಬೇಕು ಎಂದು ಮನೆ ಬಾಗಿಲಿಗೆ ಬಂದಿದ್ದರು, ಕಾಸು ಎದುರಿಗೆ ಬಂದಾಗ ಮುಟ್ಟಲು ಒಬ್ಬರಿಲ್ಲ.

ಪುಟ್ಟತಾಯಮ್ಮ ಅವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಅವಳಿಗೆ ಸಿಟ್ಟು ಬರಲಿಲ್ಲ. ಸುಸ್ತಾಗಿತ್ತು. ಕೈ ಮುಚ್ಚಿಕೊಂಡಳು.

“ನಾನೇ ಹಾಕ್ತೀನಿ. ಅದಕ್ಕೂ ಮುಂಚೆ ನೀವೊಂದು ಮಾತು ಹೇಳಿ ಸಾರ್.”

“ಏನಮ್ಮಾ?”

“ಅವರು ಇದನ್ನ ಯಾಕೆ ಮನೆಗೆ ತಂದ್ರು ಅಂತ.”

“ಅದು… ತೊಳೆಯೋಕೆ ಅಂತ ನೀವೇ ಹೇಳಿದ್ರಲ್ಲ.”

“ನಂಗಲ್ಲ. ಇವರಿಗೆ ಹೇಳಿ. ತಮಿಳಲ್ಲಿ.”

ಕೃಷ್ಣಮೂರ್ತಿ ಗಂಟಲು ಸರಿಮಾಡಿಕೊಂಡು, ಭೋಜರಾಜ್ ಕೆಲಸಕ್ಕಾಗಿಯೇ ಕಾಯಿನ್ ಒಯ್ದಿದ್ದ ಎಂದು ಮೆಲ್ಲಗೆ ಹೇಳಿದರು.

“ಆ ಮೂಲೇಲಿ ಇರೋರಿಗೆ ಕೇಳಿಸ್ಲಿಲ್ಲ.”

ಅವರು ಮತ್ತೆ ಹೇಳಿದರು. ಈ ಸಲ ಗಟ್ಟಿಯಾಗಿ. ಭೋಜರಾಜ್ ಕದಿಯಲಿಲ್ಲ. ಇಲ್ಲಿಂದ ಒಂದು ಸ್ಕ್ರೂ ಕೂಡ ಒಯ್ದವನಲ್ಲ. ಇನ್ನು ಮೇಲೆ ಯಾರಾದರೂ ಹಾಗಂದರೆ ನನ್ನ ಹತ್ತಿರ ಬಂದು ಅನ್ನಲಿ. ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದವನು ತಲೆ ತಗ್ಗಿಸಿದ. ತೃಪ್ತಿ ಅಮ್ಮನ ಪಕ್ಕದಲ್ಲಿ ನಿಂತು ಸದ್ದಿಲ್ಲದೆ ಅಳುತ್ತಿದ್ದಳು.

ಆಮೇಲೆ ಪುಟ್ಟತಾಯಮ್ಮ ಮೊದಲನೇ ಪೆಟ್ಟಿಗೆಯ ಸಂದಿಗೆ ಕಾಸು ಹಾಕಿದಳು.

ಅದು ಒಳಗೆ ಉರುಳಿ, ತಡೆದು, ಠಣ್ ಎಂದು ತಟ್ಟೆಗೆ ವಾಪಸ್ ಬಿತ್ತು.

ಹುಣಸೆಹಣ್ಣಿನಿಂದ ಏನೂ ಆಗಿರಲಿಲ್ಲ. ಕಾಸಿಗೆ ಅಂಟು ಇರಲೇ ಇಲ್ಲ. ಅವನು ಅದನ್ನು ಮನೆಗೆ ತರುವ ಅಗತ್ಯವೇ ಇರಲಿಲ್ಲ. ಪೆಟ್ಟಿಗೆಯದೇ ಏನೋ ಬಿಗಿ ಇತ್ತು. ಒಬ್ಬ ಬಂದು ಮುಚ್ಚಳ ಬಿಚ್ಚಿ ಯಾವುದೋ ತಿರುಪು ಸಡಿಲಿಸಿದ. “ಇನ್ನೊಂದು ಸಲ ಅಕ್ಕಾ” ಎಂದ. ಹಾಕಿದಳು. ಬಿತ್ತು. ಇನ್ನಷ್ಟು ಸಡಿಲಿಸಿದ. ಹಾಕಿದಳು. ಈ ಸಲ ವಾಪಸ್ ಬರಲಿಲ್ಲ. ಸಂಜೆವರೆಗೆ ಪೆಟ್ಟಿಗೆಗಳಿಗೆಲ್ಲ ಅವಳೇ ಹಾಕಿದಳು. ಬೆರಳ ತುದಿಗೆ ಹಿತ್ತಾಳೆಯ ವಾಸನೆ ಹತ್ತಿತು. ಅವನ ಕೈಗೂ ಅದೇ ವಾಸನೆ ಇರುತ್ತಿತ್ತು. ಸೋಪು ಹಾಕಿ ತೊಳೆದರೂ ಹೋಗುತ್ತಿರಲಿಲ್ಲ ಎಂದು ಅವಳು ಎಷ್ಟೋ ಸಲ ಬೈದಿದ್ದಳು.

ಈಗ ಕಾಸು ಹಾಕಲು ಶೆಡ್ಡಿಗೆ ಬೇರೆಯವನು ಬಂದಿದ್ದಾನೆ. ಮಿಕ್ಕ ಡಾಲರುಗಳನ್ನೆಲ್ಲ ಅವನೇ ಹಾಕುತ್ತಾನೆ, ಇದೊಂದನ್ನು ಮುಟ್ಟುವುದಿಲ್ಲ. ಗಿರಾಕಿ ಕಡೆಯವರಿಗೆ ಹಣೆಯ ಕಥೆ ಹೇಳಿ ಬೇರೆ ಕಾಸು ಕೇಳಲು ಕೃಷ್ಣಮೂರ್ತಿಗೆ ಬಾಯಿ ಬರುವುದಿಲ್ಲ. 

ಪುಟ್ಟತಾಯಮ್ಮ ಅಣ್ಣಾನಗರದ ಒಂದು ಮನೆಗೆ ಅಡುಗೆಗೆ ಹೋಗುತ್ತಾಳೆ. ಅದಕ್ಕೆ ಮುಂಚೆ, ದಿನವೂ ಬೆಳಿಗ್ಗೆ, ಶೆಡ್ಡಿನ ಹತ್ತಿರ ಇಳಿಯುತ್ತಾಳೆ. ಬೀಗ ತೆಗೆಯುವವನು ಬಂದಿರದಿದ್ದರೆ ಮೆಟ್ಟಿಲ ಮೇಲೆ ಕೂತು ಕಾಯುತ್ತಾಳೆ. ಬೆಳಿಗ್ಗೆ ಎದ್ದು ಮುಂಡೆ ಮುಖ ನೋಡಬೇಕಾ ಎಂದು ಒಬ್ಬ ಅಂದದ್ದು ಕಿವಿಗೆ ಬಿದ್ದಿದೆ. ಬಿದ್ದರೆ ಬೀಳಲಿ. ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾಳೆ. ರಾತ್ರಿ ತಯಾರಾದ ಪೆಟ್ಟಿಗೆಗಳ ಮುಂದೆ ನಿಂತು ಒಂದೊಂದಕ್ಕೂ ಕಾಸು ಹಾಕುತ್ತಾಳೆ. ಬಿದ್ದರೆ “ಬಿತ್ತು” ಅನ್ನುತ್ತಾಳೆ. ಹೋದರೆ ಏನೂ ಅನ್ನುವುದಿಲ್ಲ. ಕೊನೆಯದು ಆದ ಮೇಲೆ ಕಾಸನ್ನು ಅದರ ಜಾಗದಲ್ಲಿ ಇಟ್ಟು, ಶೆಡ್ಡಿನವರು ಹೇಳಿರುವ ಹಾಗೆ ಹೊರಗಿನ ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆದುಕೊಳ್ಳುತ್ತಾಳೆ. ಆಮೇಲೆ ಬಸ್ಸಿಗೆ ನಿಲ್ಲುತ್ತಾಳೆ.